ಬಾಲಿಗೆ ಹೊರಡುವ ಮುನ್ನ: ಪಂಚಾಂಗ ಮೊದಲು, ಟಿಕೆಟ್ ಆಮೇಲೆ

ಬಾಲಿ ಪ್ರವಾಸದ ಲೆಕ್ಕಕ್ಕೆ ಕೂತಾಗ ನಾವು ಮೊದಲು ನೋಡುವುದು ಆ ದ್ವೀಪದ ಪಂಚಾಂಗ. ವಿಮಾನದ ದರ, ಹೋಟೆಲಿನ ರಿಯಾಯಿತಿ ಎಲ್ಲ ಆಮೇಲಿನ ಮಾತು. ಕಡಲು, ಈಜುಕೊಳ, ಸೂರ್ಯಾಸ್ತ ಇಷ್ಟು ಸಾಕು ಅನ್ನುವವರು ಯಾವ ವಾರ ಹೋದರೂ ನಡೆಯುತ್ತದೆ. ಗುಡಿ, ಕುಣಿತ, ಗದ್ದೆ, ಹಬ್ಬ ನೋಡಬೇಕು ಅನ್ನುವವರಿಗೆ ಮಾತ್ರ ತಾರೀಕು ಹತ್ತು ದಿನ ಆಚೀಚೆ ಆದರೂ ಕಾಣುವ ಬಾಲಿಯೇ ಬೇರೆ. ಒಂದು ವಾರ ಬೀದಿಯುದ್ದಕ್ಕೂ ಪೆಂಜೋರ್ ಎಂಬ ಬಾಗಿದ ಬಿದಿರಿನ ಅಲಂಕಾರದ ಕಂಬಗಳು, ಗುಡಿಯೊಳಗೆ ನಡುರಾತ್ರಿಯವರೆಗೂ ಗಮೆಲಾನ್ ವಾದ್ಯಮೇಳ. ಇನ್ನೊಂದು ವಾರ ಅದೇ ಬೀದಿಯಲ್ಲಿ ಸ್ಕೂಟರುಗಳ ಸಾಲು ಬಿಟ್ಟರೆ ಬೇರೇನೂ ಇಲ್ಲ.

ಅಲ್ಲಿ ಎರಡು ಪಂಚಾಂಗಗಳು ಒಟ್ಟಿಗೇ ನಡೆಯುತ್ತವೆ. ಒಂದು ಶಕ ವರ್ಷದ್ದು, ಅಮಾವಾಸ್ಯೆ ಹುಣ್ಣಿಮೆಗಳ ಲೆಕ್ಕ. ಇನ್ನೊಂದು ಪಾವುಕೋನ್, 210 ದಿನಗಳ ಸುತ್ತು, ಏಳು ದಿನದ 30 ವಾರಗಳು, ಪ್ರತಿ ವಾರಕ್ಕೂ ಅದರದೇ ಹೆಸರು. ಊರ ಗುಡಿಗಳ ವಾರ್ಷಿಕೋತ್ಸವಕ್ಕೆ ಓದಾಲಾನ್ ಎಂದು ಹೆಸರು. ಅದು ಹೆಚ್ಚಿನ ಕಡೆ 210 ದಿನಕ್ಕೊಮ್ಮೆ ಬರುತ್ತದೆ, ಕೆಲವು ಗುಡಿಗಳಲ್ಲಿ ಶಕ ಪಂಚಾಂಗದ ಹುಣ್ಣಿಮೆಗೆ. ಊರೂರಿಗೂ ಹಲವು ಗುಡಿಗಳಿರುವುದರಿಂದ ನೀವಿರುವ ಊರಿನ ಹತ್ತು ಕಿಲೋಮೀಟರ್ ಒಳಗೆ ಎಲ್ಲೋ ಒಂದು ಕಡೆ ಉತ್ಸವ ನಡೆಯುತ್ತಲೇ ಇರುತ್ತದೆ ಅನ್ನಬಹುದು. ಇದು ಯಾವ ಪ್ಯಾಕೇಜಿನ ಪಟ್ಟಿಯಲ್ಲೂ ಸಿಗುವುದಿಲ್ಲ. ಉಳಿದುಕೊಂಡ ಮನೆಯವರನ್ನೇ ಕೇಳಬೇಕು.

ಶಕ ವರ್ಷದ ಮೊದಲ ದಿನ ನ್ಯೆಪಿ. ಕನ್ನಡದವರು ಇದನ್ನು ಯುಗಾದಿಯ ಲೆಕ್ಕದಲ್ಲಿ ಊಹಿಸಿ ಟಿಕೆಟ್ ಮಾಡಿಬಿಡುವ ಅಪಾಯ ಇದೆ. 2026ರಲ್ಲಿ ಎರಡೂ ಮಾರ್ಚ್ 19ಕ್ಕೇ ಕೂಡಿಬಂದವು, ಎರಡೂ ಕಡೆ ಶಕ 1948. 2023ರಲ್ಲೂ ಮಾರ್ಚ್ 22ಕ್ಕೆ ಹಾಗೇ ಆಗಿತ್ತು. ಆದರೆ 2024ರಲ್ಲಿ ನ್ಯೆಪಿ ಮಾರ್ಚ್ 11ಕ್ಕೇ ಮುಗಿದಿತ್ತು, ನಮ್ಮ ಯುಗಾದಿ ಬಂದದ್ದು ಏಪ್ರಿಲ್ 9ಕ್ಕೆ. ಅಧಿಕಮಾಸ ಸೇರಿಸುವ ಕ್ರಮ ಎರಡೂ ಕಡೆ ಬೇರೆ, ಅದರಿಂದ ಕೆಲವು ವರ್ಷ ಪೂರಾ ಒಂದು ತಿಂಗಳ ಅಂತರ ಬೀಳುತ್ತದೆ. 2027ರಲ್ಲೂ ಯುಗಾದಿ ಏಪ್ರಿಲ್ 7ಕ್ಕಿದ್ದರೆ ನ್ಯೆಪಿ ಮಾರ್ಚ್ ಮೊದಲರ್ಧದಲ್ಲೇ ಬಂದುಹೋಗುತ್ತದೆ. ಹಾಗಾಗಿ ನಮ್ಮ ಪಂಚಾಂಗ ಬದಿಗಿಟ್ಟು ಇಂಡೊನೇಷ್ಯಾ ಸರ್ಕಾರದ ರಜಾಪಟ್ಟಿಯಲ್ಲಿ ನ್ಯೆಪಿ ಯಾವತ್ತು ಎಂದು ನೋಡುವುದೇ ಸರಿ.

ನ್ಯೆಪಿಯ ದಿನ ಬೆಳಗ್ಗೆ ಆರರಿಂದ ಮರುದಿನ ಬೆಳಗ್ಗೆ ಆರರವರೆಗೆ ದ್ವೀಪಕ್ಕೆ ದ್ವೀಪವೇ ಬಾಗಿಲು ಹಾಕಿರುತ್ತದೆ. ಬೆಂಕಿ ಹಚ್ಚುವಂತಿಲ್ಲ, ಕೆಲಸ ಮಾಡುವಂತಿಲ್ಲ, ಹೊರಗೆ ಓಡಾಡುವಂತಿಲ್ಲ, ಮನರಂಜನೆಯೂ ಇಲ್ಲ. ವಿಮಾನ ನಿಲ್ದಾಣ 24 ಗಂಟೆ ಮುಚ್ಚಿರುತ್ತದೆ. 2018ರಿಂದ ಮೊಬೈಲ್ ಇಂಟರ್ನೆಟ್ಟನ್ನೂ ನಿಲ್ಲಿಸುತ್ತಿದ್ದಾರೆ. ಪೆಚಾಲಾಂಗ್ ಎಂಬ ಊರ ಕಾವಲಿನವರು ಬೀದಿ ಸುತ್ತುತ್ತಾರೆ, ಕಿಟಕಿಯಿಂದ ಬೆಳಕು ಹೊರಬಿದ್ದರೂ ಬಂದು ಹೇಳುತ್ತಾರೆ. ಪ್ರವಾಸಿಗರಿಗೂ ಇದರಿಂದ ವಿನಾಯಿತಿ ಇಲ್ಲ, ಹೋಟೆಲಿನ ಕಾಂಪೌಂಡ್ ದಾಟುವಂತಿಲ್ಲ. ಆದ್ದರಿಂದ ಆ ದಿನ ಚೆಕ್ ಇನ್, ಚೆಕ್ ಔಟ್, ಊರಿಂದೂರಿಗೆ ಪ್ರಯಾಣ ಯಾವುದನ್ನೂ ಇಟ್ಟುಕೊಳ್ಳಬಾರದು. ಹಿಂದಿನ ದಿನ, ನ್ಯೆಪಿಯ ದಿನ ಎರಡೂ ರಾತ್ರಿ ಒಂದೇ ಕಡೆ ಕೋಣೆ ಇರಲಿ, ಆ ಜಾಗದಲ್ಲಿ ಅಡುಗೆಮನೆ ನಡೆಯುತ್ತದೆಯೇ ಎಂದು ಮುಂಚೆಯೇ ಕೇಳಿ. ಹೋಮ್‌ಸ್ಟೇ ಆದರೆ ಹಣ್ಣು, ಬ್ರೆಡ್ಡು, ನೀರು ಹಿಂದಿನ ದಿನ ಮಧ್ಯಾಹ್ನದೊಳಗೇ ತಂದಿಟ್ಟುಕೊಳ್ಳಬೇಕು, ಸಂಜೆಗೆ ಅಂಗಡಿಗಳು ಮುಚ್ಚುತ್ತವೆ.

ಹಿಂದಿನ ಸಂಜೆಯೇ ಓಗೋ ಓಗೋ ಮೆರವಣಿಗೆ, ಕಾಗದ ಬಿದಿರುಗಳಲ್ಲಿ ಮಾಡಿದ ಆಳೆತ್ತರ ಮೀರಿದ ಭೂತಗಳನ್ನು ಹೊತ್ತು ನಾಲ್ಕು ದಾರಿ ಕೂಡುವಲ್ಲಿ ಗರಗರ ತಿರುಗಿಸುತ್ತಾರೆ. ರಸ್ತೆಗಳು ಮಧ್ಯಾಹ್ನದಿಂದಲೇ ಬಂದ್. ಎರಡು ಗಂಟೆಯ ಹೊತ್ತಿಗೆ ಕೋಣೆ ಸೇರಿಕೊಂಡು, ಅಲ್ಲಿಂದ ನಡೆದುಹೋಗುವಷ್ಟು ದೂರದಲ್ಲಿ ಮೆರವಣಿಗೆ ನೋಡುವುದೊಂದೇ ದಾರಿ. ಅದಕ್ಕೂ ಎರಡು ಮೂರು ದಿನ ಮೊದಲು ಮೆಲಾಸ್ತಿ, ಊರ ದೇವರುಗಳನ್ನು ಕಡಲಿಗೆ ಕರೆದೊಯ್ಯುವ ದಿನ. ಕರಾವಳಿಯ ರಸ್ತೆಗಳಲ್ಲಿ ಅಂದು ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ. ಆದರೂ ಒಂದು ದಿನ ಕೂತಲ್ಲೇ ಕೂರಬಲ್ಲವರಿಗೆ ಇದಕ್ಕಿಂತ ಒಳ್ಳೆಯ ವಾರ ಇಲ್ಲ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಆ ರಾತ್ರಿ ದ್ವೀಪದಲ್ಲಿ ಒಂದು ದೀಪವೂ ಇರುವುದಿಲ್ಲ, ಅಮಾವಾಸ್ಯೆಯ ಆಕಾಶ ಪೂರ್ತಿ ತೆರೆದುಕೊಂಡಿರುತ್ತದೆ.

ಗಲುಂಗಾನ್ ಹಬ್ಬ ಪಾವುಕೋನ್ ಲೆಕ್ಕದ್ದು, ಯಾವಾಗಲೂ ಬುಧವಾರ. ಹತ್ತು ದಿನ ಬಿಟ್ಟು ಶನಿವಾರ ಕುನಿಂಗಾನ್. 2026ರಲ್ಲಿ ಗಲುಂಗಾನ್ ಜೂನ್ 17ಕ್ಕೆ. 2027ರಲ್ಲಿ ಎರಡು ಸಲ, ಜನವರಿ 13 ಮತ್ತು ಆಗಸ್ಟ್ 11. ಪಿತೃಗಳು ಮನೆಗೆ ಬರುವ ದಿನಗಳಿವು. ಮನೆಮನೆಯ ಮುಂದೆ ಪೆಂಜೋರ್ ಎದ್ದು ನಿಲ್ಲುತ್ತದೆ, ಎರಡು ಹಬ್ಬಗಳ ನಡುವೆ ಮಕ್ಕಳು ಬಾರೋಂಗ್ ಎಂಬ ರಕ್ಷಕ ಮೃಗದ ವೇಷ ಹೊತ್ತು ಬೀದಿ ಬೀದಿ ಸುತ್ತುತ್ತಾರೆ. ನೋಡಲು ಬಹಳ ಒಳ್ಳೆಯ ಕಾಲ, ಆದರೆ ಒಂದು ಅಡಚಣೆ: ಗಲುಂಗಾನಿನ ಹಿಂದಿನ ದಿನದಿಂದ ಮರುದಿನದವರೆಗೆ ಡ್ರೈವರುಗಳು, ವಾರುಂಗ್ ಎಂಬ ಚಿಕ್ಕ ಊಟದಂಗಡಿ ನಡೆಸುವವರು, ಹೋಟೆಲಿನ ಹುಡುಗರು ಎಲ್ಲರೂ ತಮ್ಮ ತಮ್ಮ ಊರಿಗೆ ಹೋಗಿರುತ್ತಾರೆ. ಆ ಮೂರು ದಿನ ದೂರದ ಸುತ್ತಾಟ ಇಟ್ಟುಕೊಳ್ಳದೆ ಉಳಿದುಕೊಂಡ ಊರಲ್ಲೇ ನಡೆದಾಡುವ ಯೋಜನೆ ಇರಲಿ. ಕುನಿಂಗಾನಿನ ಪೂಜೆ ನಡುಹಗಲೊಳಗೆ ಮುಗಿಯಬೇಕು ಎಂಬುದು ಅಲ್ಲಿನ ಕಟ್ಟು. ಹಾಗಾಗಿ ಅಂದು ಗುಡಿಯ ಕಡೆ ಹೋಗುವವರು ಬೆಳಗ್ಗೆಯೇ ಹೋಗಬೇಕು.

ವಿದ್ಯೆಗೆ ಮೀಸಲಾದ ಸರಸ್ವತಿ ದಿನವೂ ಇದೇ ಸುತ್ತಿನ ಕೊನೆಯ ಶನಿವಾರ, 2026ರ ಅಕ್ಟೋಬರ್ 31ಕ್ಕೆ, ಆಮೇಲೆ 2027ರ ಮೇ 29ಕ್ಕೆ. ಶಾಲೆಗಳಲ್ಲಿ ಪುಸ್ತಕಗಳಿಗೆ, ಮನೆಗಳಲ್ಲಿ ಲೋಂತಾರ್ ತಾಳೆಗರಿಗಳಿಗೆ ಪೂಜೆ. ನಮ್ಮ ಆಯುಧಪೂಜೆಯ ಹೊತ್ತಿನ ಪುಸ್ತಕಪೂಜೆ ಕಂಡವರು ಒಮ್ಮೆ ನೋಡಲೇಬೇಕು.

ಮಳೆಯ ವಿಷಯ ಸುಲಭ. ಏಪ್ರಿಲಿನಿಂದ ಅಕ್ಟೋಬರ್ ಒಣ ಕಾಲ, ನವೆಂಬರಿನಿಂದ ಮಾರ್ಚ್ ಮಳೆಗಾಲ. ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಜೋರಾಗಿ ಬಂದು ನಿಲ್ಲುತ್ತದೆ, ಬೆಳಗಿನ ಹೊತ್ತು ಸಿಗುತ್ತದೆ. ಜುಲೈ, ಆಗಸ್ಟ್ ಮತ್ತು ಡಿಸೆಂಬರಿನ ಕೊನೆಯ ವಾರ ಜನಜಂಗುಳಿ, ಬೆಲೆಯೂ ಏರುತ್ತದೆ. ಮೇ, ಜೂನ್, ಸೆಪ್ಟೆಂಬರ್ ನಮಗೆ ಹಿಡಿಸಿದ ತಿಂಗಳುಗಳು.

ತಾರೀಕು ನಿಂತ ಮೇಲೆ ಕಾಗದಪತ್ರ. ಬೆಂಗಳೂರಿನಿಂದ ಬಾಲಿಯ ರಾಜಧಾನಿ ಡೆನ್ಪಸಾರ್‌ಗೆ ನೇರ ವಿಮಾನ 2024ರ ಮಾರ್ಚಿನಲ್ಲಿ ಶುರುವಾಯಿತು, ಹಾರಾಟ ಸುಮಾರು ಏಳು ಗಂಟೆ. ಸಿಂಗಪುರ, ಕೌಲಾಲಂಪುರ, ಬ್ಯಾಂಕಾಕ್ ಮೂಲಕವೂ ಹೋಗಬಹುದು. ಬಾಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಭಾರತದ ಪಾಸ್‌ಪೋರ್ಟಿಗೆ 30 ದಿನಗಳ ವೀಸಾ ಅಲ್ಲಿ ಇಳಿದ ಮೇಲೂ ಸಿಗುತ್ತದೆ, ಶುಲ್ಕ 5 ಲಕ್ಷ ರೂಪಿಯಾ. ಒಂದು ಲಕ್ಷ ರೂಪಿಯಾ ಅಂದರೆ ನಮ್ಮ 500ರಿಂದ 550 ರೂಪಾಯಿ ಎಂದು ಇಟ್ಟುಕೊಳ್ಳಿ, ಲೆಕ್ಕ ಸುಲಭವಾಗುತ್ತದೆ. ಸರದಿಯಲ್ಲಿ ನಿಲ್ಲುವ ಬದಲು ಹೊರಡುವ ಮೊದಲೇ ಆನ್‌ಲೈನಿನಲ್ಲಿ ಇ-ವೀಸಾ ಮಾಡಿಸಿಕೊಳ್ಳುವುದು ಒಳ್ಳೆಯದು. ಇಲ್ಲಿ ಜನ ಮೋಸ ಹೋಗುವುದು ಒಂದೇ ಕಡೆ: ಹುಡುಕಿದಾಗ ಮೇಲೆ ಕಾಣುವ ಮಧ್ಯವರ್ತಿ ತಾಣಗಳು ಸರ್ಕಾರಿ ತಾಣದ ಹಾಗೇ ಕಾಣುತ್ತವೆ, ದುಪ್ಪಟ್ಟು ಶುಲ್ಕ ತೆಗೆದುಕೊಳ್ಳುತ್ತವೆ. ಇಂಡೊನೇಷ್ಯಾ ಸರ್ಕಾರದ ತಾಣಗಳ ವಿಳಾಸ ಮುಗಿಯುವುದು ಡಾಟ್ ಜಿಓ ಡಾಟ್ ಐಡಿ ಎಂದು. ಅದಿಲ್ಲದಿದ್ದರೆ ಹಣ ಕಟ್ಟಬೇಡಿ.

ಪಾಸ್‌ಪೋರ್ಟ್ ಇಳಿಯುವ ದಿನದಿಂದ ಕನಿಷ್ಠ ಆರು ತಿಂಗಳು ಚಾಲ್ತಿಯಲ್ಲಿರಬೇಕು, ವಾಪಸು ಟಿಕೆಟ್ ಕೈಯಲ್ಲಿರಬೇಕು. ನಮ್ಮ ಕಡೆಯ ಹಲವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ, ಇಲ್ಲವೇ ಅಪ್ಪನ ಹೆಸರು, ಊರಿನ ಹೆಸರು ಎಲ್ಲ ಒಂದೇ ಸಾಲಿನಲ್ಲಿರುತ್ತವೆ. ವಿಮಾನದ ಟಿಕೆಟ್, ವೀಸಾ ಅರ್ಜಿ, ಮುಂದೆ ಹೇಳುವ ಘೋಷಣೆ ಮೂರರಲ್ಲೂ ಪಾಸ್‌ಪೋರ್ಟಿನ ತಳದ ಎರಡು ಸಾಲಿನ ಯಂತ್ರಾಕ್ಷರದಲ್ಲಿ ಹೆಸರು ಹೇಗಿದೆಯೋ ಹಾಗೇ ತುಂಬಬೇಕು. ಸರ್‌ನೇಮ್ ಕಡ್ಡಾಯವಾಗಿ ಕೇಳುವ ಟಿಕೆಟ್ ತಾಣದಲ್ಲಿ ಏನು ತುಂಬಬೇಕೆಂದು ವಿಮಾನ ಕಂಪನಿಗೇ ಬರೆದು ಕೇಳಿ, ಅವರ ಉತ್ತರ ಉಳಿಸಿಕೊಳ್ಳಿ. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಪೂರ್ಣ ಹೆಸರು ಅಂದರೆ ಚೆಕ್ ಇನ್ ಕೌಂಟರಿನಲ್ಲೇ ತಡೆಯುತ್ತಾರೆ.

ಇಳಿಯುವುದಕ್ಕೆ ಮುಂಚಿನ ಮೂರು ದಿನದೊಳಗೆ ಆಲ್ ಇಂಡೊನೇಷ್ಯಾ ಎಂಬ ಘೋಷಣೆಯನ್ನು ಆನ್‌ಲೈನಿನಲ್ಲಿ ತುಂಬಬೇಕು. ವಲಸೆ, ಕಸ್ಟಮ್ಸ್, ಆರೋಗ್ಯ ಮೂರನ್ನೂ ಸೇರಿಸಿದ ಈ ಫಾರಂ 2025ರಲ್ಲಿ ಬಂತು. ಕೊನೆಗೆ ಬರುವ ಕ್ಯೂಆರ್ ಕೋಡಿನ ಚಿತ್ರ ಫೋನಿನಲ್ಲಿ ಉಳಿಸಿಕೊಳ್ಳಿ, ನಿಲ್ದಾಣದ ವೈಫೈ ನಂಬಿಕೊಳ್ಳಬೇಡಿ. ಇದಲ್ಲದೆ ಬಾಲಿ ಪ್ರಾಂತ್ಯದ್ದೇ ಒಂದು ಪ್ರವಾಸಿ ಶುಲ್ಕ ಇದೆ, ತಲೆಗೆ 1,50,000 ರೂಪಿಯಾ, 2024ರ ಫೆಬ್ರುವರಿ 14ರಿಂದ ಜಾರಿಯಲ್ಲಿದೆ. ಲವ್ ಬಾಲಿ ಎಂಬ ಅಧಿಕೃತ ತಾಣದಲ್ಲಿ ಕಟ್ಟಿ ರಸೀದಿ ಇಟ್ಟುಕೊಂಡರೆ ಆಯಿತು. ಗುಡಿಗಳ ಬಳಿ ಕೆಲವೊಮ್ಮೆ ಕೇಳುತ್ತಾರೆ. ವೀಸಾದ 30 ದಿನಗಳಲ್ಲಿ ಇಳಿದ ದಿನವೂ ಸೇರಿದೆ. ರಾತ್ರಿ 11.50ಕ್ಕೆ ಇಳಿದರೂ ಅದು ಮೊದಲ ದಿನವೇ. ಮೀರಿ ನಿಂತರೆ ದಿನಕ್ಕೆ 10 ಲಕ್ಷ ರೂಪಿಯಾ ದಂಡ.

ಕೊಡೀನ್ ಇರುವ ಕೆಮ್ಮಿನ ಔಷಧ, ನಿದ್ದೆಮಾತ್ರೆ ಮುಂತಾದವನ್ನು ಒಯ್ಯುವವರು ಬಹಳ ಎಚ್ಚರದಿಂದಿರಬೇಕು. ಮಾದಕ ವಸ್ತುಗಳ ವಿಷಯದಲ್ಲಿ ಅಲ್ಲಿನ ಕಾನೂನು ತೀರಾ ಕಠಿಣ. ಬೇಡದಿದ್ದರೆ ಬಿಟ್ಟುಹೋಗಿ, ಬೇಕೇ ಬೇಕಾದರೆ ವೈದ್ಯರ ಚೀಟಿ ಮತ್ತು ಮೂಲ ಡಬ್ಬಿ ಜೊತೆಗಿರಲಿ.

ಈಗ ಎಲ್ಲಿ ಉಳಿಯುವುದು ಎಂಬ ಪ್ರಶ್ನೆ. ಇಡೀ ಯೋಜನೆ ಕೆಡುವುದು ಸಾಮಾನ್ಯವಾಗಿ ಇಲ್ಲೇ. ನಕ್ಷೆಯಲ್ಲಿ ದ್ವೀಪ ಚಿಕ್ಕದು. ಆದರೆ ವಿಮಾನ ನಿಲ್ದಾಣದಿಂದ ಒಳನಾಡಿನ ಊರು ಉಬುದ್‌ಗೆ 37 ಕಿಲೋಮೀಟರ್ ದೂರ ಹೋಗಲು ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ. ರಸ್ತೆ ಕಿರಿದು, ಮೆರವಣಿಗೆ ಬಂದರೆ ನಿಲ್ಲಬೇಕು. ದಕ್ಷಿಣದ ಕಡಲತೀರದಲ್ಲಿ ಕೋಣೆ ಹಿಡಿದು ದಿನಾ ಉತ್ತರಕ್ಕೆ ಗುಡಿ ನೋಡಲು ಓಡಾಡಿದರೆ ಅರ್ಧ ದಿನ ಕಾರಿನಲ್ಲೇ ಕಳೆಯುತ್ತದೆ. ಪರಂಪರೆ ನೋಡಲು ಹೋಗುವವರಿಗೆ ನೆಲೆ ಉಬುದ್ ಅಥವಾ ಅದರ ಸುತ್ತಲಿನ ಪೆಲಿಯಾಟಾನ್, ಪೆಜೆಂಗ್, ಬೆದುಲು ಹಳ್ಳಿಗಳು. ಹತ್ತು ರಾತ್ರಿ ಇದ್ದರೆ ಐದು ಉಬುದ್‌ನಲ್ಲಿ, ಎರಡು ಪೂರ್ವದ ಸಿದೆಮೆನ್ ಕಣಿವೆಯಲ್ಲಿ, ಎರಡು ಉತ್ತರದ ಸಿಂಗರಾಜದ ಕಡೆ, ಕೊನೆಯದು ನಿಲ್ದಾಣದ ಹತ್ತಿರದ ಸಾನೂರ್‌ನಲ್ಲಿ. ಆರೇ ರಾತ್ರಿ ಅಂದರೆ ಐದು ಉಬುದ್, ಒಂದು ಸಾನೂರ್, ಉಳಿದದ್ದೆಲ್ಲ ಮುಂದಿನ ಸಲಕ್ಕೆ.

ಕಾರು ಮತ್ತು ಡ್ರೈವರ್ ಇಡೀ ದಿನಕ್ಕೆ, ಎಂಟರಿಂದ ಹತ್ತು ಗಂಟೆಗೆ, ಪೆಟ್ರೋಲ್ ಸೇರಿ 6ರಿಂದ 8 ಲಕ್ಷ ರೂಪಿಯಾ ಆಸುಪಾಸು. ದರ ಮಾತಾಡುವಾಗ ಪಾರ್ಕಿಂಗ್, ಹೆಚ್ಚುವರಿ ಗಂಟೆಯ ಹಣ, ಗುಡಿಯ ಟಿಕೆಟ್ ಸೇರಿದೆಯೋ ಇಲ್ಲವೋ ಎಂದು ಆಗಲೇ ಕೇಳಿಬಿಡಿ. ಯಾವ ಅಂಗಡಿಗೂ ಕಾಫಿ ತೋಟಕ್ಕೂ ನಿಲ್ಲಿಸುವುದು ಬೇಡ ಎಂದು ಮೊದಲೇ ಹೇಳಿದರೆ ದಿನಕ್ಕೆ ಎರಡು ಗಂಟೆ ಉಳಿಯುತ್ತದೆ. ಡ್ರೈವರ್ ನಿಮಗಿಂತ ದೊಡ್ಡವರಾದರೆ 'ಪಾಕ್', ಓರಗೆಯವರಾದರೆ 'ಬ್ಲಿ' ಎಂದು ಕರೆಯುವುದು ಅಲ್ಲಿನ ರೂಢಿ, ಹೆಂಗಸರಿಗೆ 'ಇಬು'. ಸ್ಕೂಟರ್ ಬಾಡಿಗೆ ಅಗ್ಗ, ಆದರೆ ದ್ವಿಚಕ್ರ ಓಡಿಸುವ ಅನುಮತಿ ನಮೂದಾಗಿರುವ ಅಂತರರಾಷ್ಟ್ರೀಯ ಪರವಾನಗಿ ಇಲ್ಲದಿದ್ದರೆ ಅಪಘಾತವಾದಾಗ ವಿಮೆ ಕೈಕೊಡುತ್ತದೆ. ಅದು ನಮ್ಮ ಆರ್‌ಟಿಒದಲ್ಲೇ ಸಿಗುತ್ತದೆ, ಹೊರಡುವ ತಿಂಗಳ ಮೊದಲೇ ಮಾಡಿಸಿ.

ಒಂದು ದಿನಕ್ಕೆ ಮೂರು ಜಾಗಕ್ಕಿಂತ ಹೆಚ್ಚು ಹಾಕಿಕೊಳ್ಳಬೇಡಿ. ಉಬುದ್‌ನಿಂದ ಒಂದು ದಿನದ ಒಳ್ಳೆಯ ದಾರಿ ಹೀಗಿದೆ: ಬೆಳಗ್ಗೆ ಎಂಟಕ್ಕೆ ತಂಪಕ್‌ಸಿರಿಂಗ್‌ನ ತೀರ್ಥ ಎಂಪುಲ್ ಗುಡಿ, ಅಲ್ಲಿಂದ ಹತ್ತಿರದಲ್ಲೇ ಗುನುಂಗ್ ಕಾವಿ, ಇಳಿದು ಬರುವಾಗ ಬೆದುಲುವಿನ ಗೋವಾ ಗಜ ಗುಹೆ. ತೀರ್ಥ ಎಂಪುಲ್‌ನ ಹುಟ್ಟು 962ರದ್ದು ಎಂದು ಶಾಸನ ಹೇಳುತ್ತದೆ. ಒಳಗಿನ ಕೊಳದ ತಳದಲ್ಲಿ ಮರಳನ್ನು ಮೇಲೆತ್ತಿ ಕುದಿಯುವಂತೆ ಬುಗ್ಗೆ ಏಳುವುದು ಕಣ್ಣಿಗೆ ಕಾಣುತ್ತದೆ. ಹೊರಕೊಳದ ಧಾರೆಗಳಡಿ ಮೀಯುವವರು ಅಲ್ಲಿ ಕೊಡುವ ಪಂಚೆ ಸುತ್ತಿಕೊಂಡು, ಮೊದಲು ಕಾಣಿಕೆ ಇಟ್ಟು, ಎಡದಿಂದ ಒಂದೊಂದೇ ಧಾರೆಗೆ ಸರದಿಯಲ್ಲಿ ಹೋಗಬೇಕು. ಎರಡು ಧಾರೆಗಳು ತೀರಿಕೊಂಡವರ ಕ್ರಿಯೆಗೆ ಮೀಸಲು, ಅವುಗಳಡಿ ತಲೆಯೊಡ್ಡಬಾರದು. ಯಾವುವು ಎಂದು ಅಲ್ಲಿದ್ದವರನ್ನು ಕೇಳಿ. ಹತ್ತು ಗಂಟೆ ದಾಟಿದರೆ ನೀರಿನಲ್ಲೇ ಸರದಿ ನಿಲ್ಲಬೇಕಾಗುತ್ತದೆ. ಗುನುಂಗ್ ಕಾವಿಗೆ ಗದ್ದೆಗಳ ನಡುವೆ ಮುನ್ನೂರರ ಹತ್ತಿರ ಮೆಟ್ಟಿಲು ಇಳಿಯಬೇಕು, ಮತ್ತೆ ಹತ್ತಬೇಕು. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಈ ಜಾಗ ಬಿಡಿ. ಬಂಡೆಯಲ್ಲೇ ಕಡೆದ, ಏಳು ಮೀಟರ್ ಎತ್ತರದ 10 ಚಂಡಿಗಳು, ಅಂದರೆ ಗುಡಿಯಾಕಾರದ ಸ್ಮಾರಕಗಳು, 11ನೇ ಶತಮಾನದವು.

ಟಿಕೆಟ್ಟು ಹೆಚ್ಚಿನ ಕಡೆ ವಿದೇಶಿಯರಿಗೆ 50,000ದಿಂದ 75,000 ರೂಪಿಯಾ, ದ್ವೀಪದ ಹಿರಿಯ ಗುಡಿ ಬೆಸಾಕಿಗೆ 1,50,000ದ ಆಸುಪಾಸು. ಪಂಚೆ ಮತ್ತು ಸೊಂಟಪಟ್ಟಿ ಎಲ್ಲ ಗುಡಿಗೂ ಕಡ್ಡಾಯ, ಗಂಡಸರಿಗೂ. ಬಾಗಿಲಲ್ಲಿ ಬಾಡಿಗೆಗೆ ಸಿಗುತ್ತದೆ, ಆದರೆ ಮನೆಯಿಂದ ಒಂದು ಲುಂಗಿ, ಒಂದು ಶಲ್ಯ ಒಯ್ದರೆ ಉತ್ಸವಕ್ಕೆ ಹಠಾತ್ತನೆ ಹೋಗುವ ಅವಕಾಶ ಬಂದಾಗ ಪರದಾಡಬೇಕಿಲ್ಲ. ಗುಡಿಗೆ ಮೂರು ಅಂಗಳ. ಹೊರಗಿನ ಎರಡಕ್ಕೆ ಯಾರು ಬೇಕಾದರೂ ಹೋಗಬಹುದು, ಒಳಗಿನದು ಪೂಜೆಗೆ ಬರುವವರಿಗೆ. ನಾವೂ ಹಿಂದೂಗಳು ಎಂದು ಹೇಳಿ ನುಗ್ಗುವುದು ಸಲ್ಲ. ಪೂಜೆ ಮಾಡಬೇಕೆಂದಿದ್ದರೆ ಅಲ್ಲಿನ ಉಡುಪು ಉಟ್ಟು, ಊರಿನವರೊಬ್ಬರ ಜೊತೆ, ಪೆಮಾಂಕು ಅಂದರೆ ಗುಡಿಯ ಪೂಜಾರಿಯ ಅನುಮತಿ ಕೇಳಿ ಹೋಗಬೇಕು, ಪೂಜೆ ಮುಗಿಯುವವರೆಗೆ ಕೂರಬೇಕು. ಮನೆಯಲ್ಲಿ ಸೂತಕ ಇರುವವರು, ಮುಟ್ಟಾದ ಹೆಂಗಸರು ಒಳಗೆ ಬರಬಾರದು ಎಂಬ ಫಲಕ ಎಲ್ಲ ಬಾಗಿಲಲ್ಲೂ ಇರುತ್ತದೆ. ಕೂತವರ ಮುಂದೆ ಅಡ್ಡ ಹಾಯುವುದು, ಪೂಜಾರಿಗಿಂತ ಎತ್ತರದ ಜಾಗದಲ್ಲಿ ನಿಂತು ಫೋಟೋ ತೆಗೆಯುವುದು ಅವರಿಗೆ ತುಂಬಾ ನೋವು ಕೊಡುತ್ತದೆ. ನೆಲದ ಮೇಲಿನ ಚಾನಾಂಗ್, ಅಂದರೆ ಎಲೆದೊನ್ನೆಯ ನೈವೇದ್ಯ, ದಾಟಬಾರದು, ಸುತ್ತಿ ಹೋಗಿ.

ಲೆಂಪುಯಾಂಗ್ ಗುಡಿಯ ಬಗ್ಗೆ ಒಂದು ಮಾತು. ಜೋಡಿ ಗೋಪುರದ ನಡುವೆ ಅಗುಂಗ್ ಪರ್ವತ, ಕೆಳಗೆ ಕೆರೆಯಲ್ಲಿ ಅದರ ನೆರಳು, ಈ ಫೋಟೋ ನೋಡಿ ಹೋಗುವವರೇ ಹೆಚ್ಚು. ಅಲ್ಲಿ ಕೆರೆ ಇಲ್ಲ. ಫೋನಿನ ಕೆಳಗೆ ಕನ್ನಡಿ ಹಿಡಿದು ತೆಗೆದ ಚಿತ್ರ ಅದು, ಅದಕ್ಕಾಗಿ ಗಂಟೆಗಟ್ಟಲೆ ಸರದಿ. ಆ ಅರ್ಧ ದಿನವನ್ನು ಸೆಮರಪುರಕ್ಕೆ ಕೊಡಿ.

ಸೆಮರಪುರ, ಹಳೆಯ ಕ್ಲುಂಗ್‌ಕುಂಗ್, ಉಬುದ್‌ನಿಂದ ಗಂಟೆಯೊಳಗಿನ ದಾರಿ. ಬಾಲಿಯ ರಾಜರಲ್ಲೆಲ್ಲ ಹಿರಿಯ ಮನೆತನ ಇಲ್ಲಿಯದು. 1908ರ ಏಪ್ರಿಲ್ 28ರಂದು ಡಚ್ಚರ ಬಂದೂಕಿನೆದುರು ರಾಜ ಪರಿವಾರ ಸಮೇತ ನಡೆದುಬಂದು ಪ್ರಾಣಬಿಟ್ಟದ್ದೂ ಇಲ್ಲೇ. ಅರಮನೆಯಲ್ಲಿ ಉಳಿದಿರುವುದು ದೊಡ್ಡ ಬಾಗಿಲು ಮತ್ತು ಎರಡು ಮಂಟಪ. ಮೂಲೆಯ ಚಿಕ್ಕ ಮಂಟಪ ಕೆರ್ತಾ ಗೋಸಾ, ರಾಜನ ನ್ಯಾಯಸ್ಥಾನ. ಅದರ ಸೂರಿನ ಒಳಮೈ ತುಂಬ ಕಾಮಾಸಾನ್ ಶೈಲಿಯ ಚಿತ್ರಗಳು. ಈಗ ಕಾಣುವವು 20ನೇ ಶತಮಾನದಲ್ಲಿ ಹತ್ತಿರದ ಕಾಮಾಸಾನ್ ಹಳ್ಳಿಯ ಕಲಾವಿದರು ಮತ್ತೆ ಬರೆದವು. ಜನ ಬಂದು ಕತ್ತೆತ್ತಿ ಐದು ನಿಮಿಷ ನೋಡಿ ಹೋಗಿಬಿಡುತ್ತಾರೆ. ಅಲ್ಲಿ ಒಂದು ಗಂಟೆ ಬೇಕು, ಚಿಕ್ಕ ದುರ್ಬೀನು ಇದ್ದರೆ ಇನ್ನೂ ಒಳ್ಳೆಯದು. ಕೆಳಸಾಲಿನಿಂದ ಮೇಲಕ್ಕೆ ಓದಬೇಕು. ತೀರಾ ಕೆಳಗಿನ ಸಾಲು ತಂತ್ರಿ ಕಥೆಗಳು, ಹೆಣ್ಣೊಬ್ಬಳು ರಾಜನಿಗೆ ಹೇಳುವ ಪ್ರಾಣಿಕಥೆಗಳ ಮಾಲೆ. 11ನೇ ಶತಮಾನದಲ್ಲಿ ದುರ್ಗಸಿಂಹ ಕನ್ನಡಕ್ಕೆ ತಂದ ವಸುಭಾಗನ ಪಂಚತಂತ್ರವೂ ಈ ತಂತ್ರಿ ಕಥೆಗಳೂ ಒಂದೇ ಬಳಗದವು, ಉತ್ತರ ಭಾರತದಲ್ಲಿ ಹರಡಿದ ವಿಷ್ಣುಶರ್ಮನ ಪಾಠ ಬೇರೆ ಕವಲು. ಅದರ ಮೇಲೆ ಭೀಮ ಸ್ವರ್ಗ: ಭೀಮ ತಾಯಿಯ ಮಾತಿನಂತೆ ಪಾಂಡು, ಮಾದ್ರಿಯರನ್ನು ಬಿಡಿಸಿ ತರಲು ನರಕಕ್ಕೆ ಹೋಗುತ್ತಾನೆ. ದಪ್ಪ ಮೀಸೆ, ಹೆಬ್ಬೆರಳಿನ ಉದ್ದುಗುರು, ಕಪ್ಪು ಬಿಳಿ ಚೌಕಳಿಯ ಬಟ್ಟೆ, ಈ ಮೂರರಿಂದ ಅವನನ್ನು ಪ್ರತಿ ಚಿತ್ರದಲ್ಲೂ ಗುರುತಿಸಬಹುದು. ಅವನ ಜೊತೆ ಇಬ್ಬರು ಸೇವಕರು, ತ್ವಾಲೆನ್ ಮತ್ತು ಮೆರ್ದಾ. ಸುತ್ತಲೂ ಪಾಪಕ್ಕೆ ತಕ್ಕ ಶಿಕ್ಷೆಗಳು, ಕೆಳಗೆ ಕೂತ ಅಪರಾಧಿ ಕಣ್ಣೆತ್ತಿದರೆ ಕಾಣುವಂತೆ. ಮೇಲೆ ಹೋದಂತೆ ಸ್ವರ್ಗ, ನಡುನೆತ್ತಿಯಲ್ಲಿ ಕಮಲ.

ಅದೇ ತ್ವಾಲೆನ್, ಮೆರ್ದಾ ತೊಗಲುಗೊಂಬೆಯಾಟದಲ್ಲೂ ಬರುತ್ತಾರೆ. ವಾಯಾಂಗ್ ಕುಲಿತ್ ಎಂಬ ಈ ಆಟದಲ್ಲಿ ದೇವರು, ರಾಜರು ಮಾತಾಡುವುದು ಹಳೆಯ ಕಾವಿ ಭಾಷೆ, ಅದನ್ನು ಜನರ ಬಾಲಿ ಮಾತಿಗೆ ತಿರುಗಿಸಿ ನಗಿಸುವವರು ಇವರು. ನಮ್ಮ ಗೊಂಬೆಯಾಟದ ಕಿಳ್ಳೇಕ್ಯಾತನನ್ನು ಕಂಡವರಿಗೆ ಗೊಂಬೆ ಪರದೆಗೆ ಬಂದ ಕ್ಷಣವೇ ಗೊತ್ತಾಗುತ್ತದೆ. ಪ್ರವಾಸಿಗರಿಗಾಗಿ ನಡೆಯುವ ಆಟ ಚಿಕ್ಕದು. ಓದಾಲಾನ್ ಹೊತ್ತಿನದು ರಾತ್ರಿ ಬಹಳ ಹೊತ್ತು ನಡೆಯುತ್ತದೆ, ಹೊರಗಿನ ಅಂಗಳದಲ್ಲಿ ಕೂತು ನೋಡಬಹುದು.

ಕುಣಿತಕ್ಕೆ ಉಬುದ್‌ನಲ್ಲಿ ದಿನಾ ಸಂಜೆ ಏಳೂವರೆಗೆ ಬೇರೆ ಬೇರೆ ತಂಡಗಳ ಪ್ರದರ್ಶನ ಇರುತ್ತದೆ. ಮುಕ್ಕಾಲು ಗಂಟೆ ಮೊದಲು ಹೋದರೆ ಮುಂದಿನ ಸಾಲು. ಪೆಲಿಯಾಟಾನ್ ತಂಡಗಳನ್ನು ನಾವು ಮೊದಲು ಹುಡುಕುತ್ತೇವೆ. 1931ರಲ್ಲಿ ಪ್ಯಾರಿಸ್ಸಿಗೆ ಹೋಗಿ ಬಂದ ಪರಂಪರೆ ಅಲ್ಲಿಯದು, ಅವರ ಲೆಗೋಂಗ್ ಕುಣಿತ ಇಂದಿಗೂ ಬಿಗಿಯಾಗಿದೆ. ವಾದ್ಯವಿಲ್ಲದೆ ಗಂಡಸರ ದೊಡ್ಡ ಗುಂಪು ಬಾಯಲ್ಲೇ ತಾಳ ಹಾಕುವ ಕೆಚಾಕ್ ರಾಮಾಯಣ ಈಗಿನ ರೂಪಕ್ಕೆ ಬಂದದ್ದು 1930ರ ದಶಕದಲ್ಲಿ. ಉಲುವಾಟುವಿನ ಕಡಲ ಬಂಡೆಯ ಮೇಲಿನದು ಸುಂದರ, ಆದರೆ ಟಿಕೆಟ್ ಬೇಗ ಮುಗಿಯುತ್ತದೆ. ಅಲ್ಲಿನ ಮಂಗಗಳು ಕನ್ನಡಕ ಕಿತ್ತುಕೊಂಡು ಹೋಗುವುದರಲ್ಲಿ ನುರಿತಿವೆ, ಕನ್ನಡಕಕ್ಕೆ ದಾರ ಕಟ್ಟಿಕೊಳ್ಳಿ ಅಥವಾ ಚೀಲದಲ್ಲಿಡಿ.

ಗದ್ದೆ ನೋಡಲು ಜಾತಿಲುವಿ. ಗುಡಿಯೇ ನೀರು ಹಂಚುವ ಸುಬಾಕ್ ವ್ಯವಸ್ಥೆ 2012ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ದೇಸಿ ಕೆಂಪಕ್ಕಿಯ ಕೊಯ್ಲು ಜೂನ್, ಜುಲೈ ಹೊತ್ತಿಗೆ. ಅದಾದ ಮೇಲೆ ಕೆಲವು ವಾರ ಬರೀ ಕೂಳೆ. ಹಸಿರು ಬೇಕೆಂದಿದ್ದರೆ ಹೋಗುವ ವಾರದಲ್ಲಿ ಗದ್ದೆ ಯಾವ ಹಂತದಲ್ಲಿದೆ ಎಂದು ಡ್ರೈವರಿಗೆ ಫೋನ್ ಮಾಡಿ ಕೇಳಿ. ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ನಡೆಯಿರಿ, ಬದು ಕುಸಿದರೆ ರೈತನ ನೀರು ಹೋಗುತ್ತದೆ.

ಸಸ್ಯಾಹಾರಿಗಳಿಗೆ ತೊಂದರೆ ಕೊಡುವುದು ಮಾಂಸಕ್ಕಿಂತ ತೆರಾಸಿ, ಸೀಗಡಿ ಅರೆದು ಹುದುಗಿಸಿದ ಮುದ್ದೆ. ತರಕಾರಿ ಪಲ್ಯದ ಮಸಾಲೆಯಲ್ಲೂ ಸಂಬಾಲ್ ಚಟ್ನಿಯಲ್ಲೂ ಅದು ಇರುತ್ತದೆ, ತಟ್ಟೆಯಲ್ಲಿ ಹಪ್ಪಳದಂತೆ ಕಾಣುವ ಕ್ರುಪುಕ್‌ನಲ್ಲೂ ಸೀಗಡಿ. 'ವೆಜಿಟೇರಿಯನ್' ಅಂದರೆ ಮಾಂಸದ ತುಂಡು ತೆಗೆದು ಕೊಡುತ್ತಾರೆ ಅಷ್ಟೇ. ಹೀಗೆ ಹೇಳಿ: 'ತಿಡಾಕ್ ಪಾಕಾಯ್ ಡಾಗಿಂಗ್, ಆಯಾಮ್, ಇಕಾನ್, ಉಡಾಂಗ್, ತೆರಾಸಿ'. ಮಾಂಸ, ಕೋಳಿ, ಮೀನು, ಸೀಗಡಿ, ತೆರಾಸಿ ಹಾಕಬೇಡಿ ಎಂದರ್ಥ. ಮೊಟ್ಟೆಯೂ ಬೇಡವಾದರೆ ಕೊನೆಗೆ 'ತೆಲುರ್' ಸೇರಿಸಿ. ಫೋನಿನಲ್ಲಿ ಬರೆದಿಟ್ಟು ತೋರಿಸಿದರೆ ಇನ್ನೂ ಖಚಿತ. ಹುದುಗಿಸಿದ ಸೋಯಾದ ತೆಂಪೆ, ತಾಹು ಅಂದರೆ ತೋಫು, ಶೇಂಗಾ ಸಾಸಿನ ಗಾಡೊ ಗಾಡೊ, ತೆಂಗಿನತುರಿಯ ಉರಾಪ್ ಇಷ್ಟರಲ್ಲೇ ಚೆನ್ನಾಗಿ ಉಣ್ಣಬಹುದು. ನೀರು ಮುಚ್ಚಳ ಬಿಗಿಯಿರುವ ಬಾಟಲಿಯದೇ ಆಗಿರಲಿ, ಹಲ್ಲುಜ್ಜಲು ಕೂಡ.

ಹಣ ಬದಲಿಸುವಾಗ ಊರಿನ ದರಕ್ಕಿಂತ ಹೆಚ್ಚು ಕೊಡುತ್ತೇವೆ ಎಂಬ ಗೂಡಂಗಡಿಗೆ ಹೋಗಬೇಡಿ, ಎಣಿಸುವಾಗಲೇ ನೋಟು ಮೇಜಿನ ಹಿಂದೆ ಜಾರಿಸುತ್ತಾರೆ. ಅನುಮತಿ ಫಲಕ ಇರುವ ಕಚೇರಿಗೆ ಹೋಗಿ, ಕೊನೆಯ ಎಣಿಕೆ ನಿಮ್ಮದೇ ಆಗಿರಲಿ, ಆಮೇಲೆ ನೋಟು ಅವರ ಕೈಗೆ ಮತ್ತೆ ಹೋಗಬಾರದು. ಎಟಿಎಂ ಆದರೆ ಬ್ಯಾಂಕಿನೊಳಗಿನದು ಬಳಸಿ. ಅಲ್ಲಿನ ಹಲವು ಯಂತ್ರಗಳು ಮೊದಲು ಹಣ ಕೊಟ್ಟು, ಇನ್ನೇನಾದರೂ ಬೇಕೇ ಎಂದು ಕೇಳಿ, ಆಮೇಲಷ್ಟೇ ಕಾರ್ಡ್ ಹೊರಹಾಕುತ್ತವೆ. ಹಣ ಕೈಗೆ ಬಂತೆಂದು ಹೊರಟುಬಿಟ್ಟು ಕಾರ್ಡ್ ಕಳೆದುಕೊಳ್ಳುವವರು ಬಹಳ.

ವಿಮೆ ಮಾಡಿಸುವಾಗ ಜ್ವಾಲಾಮುಖಿ ಬೂದಿಯಿಂದ ವಿಮಾನ ರದ್ದಾದರೆ ಖರ್ಚು ಕೊಡುತ್ತಾರೆಯೇ ಎಂದು ಓದಿ ನೋಡಿ. 2017ರ ನವೆಂಬರಿನಲ್ಲಿ ಅಗುಂಗ್ ಕೆರಳಿ ನಿಲ್ದಾಣವೇ ಮುಚ್ಚಿತ್ತು. 2024ರ ನವೆಂಬರಿನಲ್ಲೂ 2025ರಲ್ಲೂ ಪೂರ್ವಕ್ಕಿರುವ ಫ್ಲೋರೆಸ್ ದ್ವೀಪದ ಲೆವೊಟೋಬಿ ಜ್ವಾಲಾಮುಖಿಯ ಬೂದಿಯಿಂದ ಬಾಲಿಯ ವಿಮಾನಗಳು ರದ್ದಾದವು. ಉಗುಳಲು ಶುರುವಾದ ಮೇಲೆ ಕೊಂಡ ವಿಮೆ ಇದಕ್ಕೆ ನಡೆಯುವುದಿಲ್ಲ, ಟಿಕೆಟ್ ಮಾಡಿದ ದಿನವೇ ಕೊಳ್ಳಬೇಕು. ವಾಪಸಾದ ಮರುದಿನವೇ ಕಚೇರಿಗೆ ಹಾಜರಾಗುವಂತೆ ರಜೆ ಹಾಕಬೇಡಿ, ನಡುವೆ ಎರಡು ದಿನ ಬಿಡಿ. ಹಿಂತಿರುಗುವ ದಿನ ಸಾನೂರ್‌ನಿಂದ ನಿಲ್ದಾಣಕ್ಕೆ ಅರ್ಧ ಗಂಟೆಯ ದಾರಿಯಾದರೂ ನಾಲ್ಕು ಗಂಟೆ ಮೊದಲು ಹೊರಡಿ. ಆ ದಾರಿಯಲ್ಲೂ ಮೆರವಣಿಗೆ ಬರಬಹುದು, ಬಂದರೆ ಕಾರು ನಿಲ್ಲಲೇಬೇಕು.